ಮಲ್ಲಿಗೆ ಉದ್ದ ಬೆಳೆಯುತ್ತೆ, ಹೂ ಬಿಡಲ್ಲ: ಕುಡಿ ಚಿವುಟಿದವರು ಅನುಭವ ಹೇಳಿ

ಪ್ರಶ್ನೆ

ಟೆರೇಸಿನ ಕುಂಡದಲ್ಲಿ ದುಂಡು ಮಲ್ಲಿಗೆ ಹಾಕಿ ಎರಡು ವರ್ಷ ಆಯಿತು. ಒಂದೇ ಕಡ್ಡಿ ನನ್ನ ಎದೆಯೆತ್ತರಕ್ಕೆ ಹೋಗಿದೆ. ಕವಲಿಲ್ಲ. ಹೂ ಬಿಟ್ಟರೂ ತುದಿಯಲ್ಲಿ ಮೂರೋ ನಾಲ್ಕೋ. ಸವರಿ ಅಂತ ಎಲ್ಲರೂ ಹೇಳ್ತಾರೆ. ಬೆಳೆದ ಗಿಡಕ್ಕೆ ಕತ್ತರಿ ಹಾಕಲು ಮನಸ್ಸು ಬರುತ್ತಿಲ್ಲ. ಕಡ್ಡಿ ನೆಟ್ಟು ಇನ್ನೊಂದು ಗಿಡ ಮಾಡೋಣ ಅಂದರೆ ನಾಲ್ಕೇ ದಿನಕ್ಕೆ ಬಾಡುತ್ತೆ. ಮಾಡಿ ನೋಡಿದವರು ಹೇಳ್ತೀರಾ?

ಮೈಸೂರಿನಿಂದ

ಕತ್ತರಿಸಿ ಅಕ್ಕ, ಧೈರ್ಯವಾಗಿ ಕತ್ತರಿಸಿ. ನಾನೂ ಮೂರು ವರ್ಷ ಹೀಗೇ ಗಿಡ ನೋಡಿಕೊಂಡು ಸುಮ್ನೆ ಇದ್ದೆ.

ಒಂದು ಸಲ ಗಿಡದ ಹತ್ತಿರ ಕೂತು ಎಲೆಯ ತೊಟ್ಟು ಕಡ್ಡಿಗೆ ಸೇರುವ ಜಾಗ ನೋಡಿ. ಆ ಸಂದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಹಸಿರು ಉಬ್ಬು ಕಾಣುತ್ತದೆ. ಅದು ಮಲಗಿರುವ ಮೊಗ್ಗು, ಹೂವಿನದಲ್ಲ, ಕವಲಿನದು. ಮಲ್ಲಿಗೆಯಲ್ಲಿ ಸಾಮಾನ್ಯವಾಗಿ ಒಂದೊಂದು ಗೆಣ್ಣಿಗೂ ಎರಡು, ಎದುರುಬದುರು. ನಿಮ್ಮ ಕಡ್ಡಿಯಲ್ಲಿ ಕವಲಿಲ್ಲ ಅಂದಿರಲ್ಲ, ಕವಲೆಲ್ಲ ಅಲ್ಲೇ ಇದೆ. ಎದ್ದಿಲ್ಲ ಅಷ್ಟೇ.

ಏಳದಂತೆ ತಡೆದಿರುವುದು ತುದಿಯ ಕುಡಿ. ಅಲ್ಲಿನ ಎಳೆ ಎಲೆಗಳಲ್ಲಿ ಆಕ್ಸಿನ್ ಅನ್ನುವ ಹಾರ್ಮೋನು ತಯಾರಾಗಿ ಕಡ್ಡಿಯೊಳಗೆ ಕೆಳಕ್ಕೆ ಇಳಿಯುತ್ತಾ ಇರುತ್ತದೆ. ಅದು ಇಳಿಯುತ್ತಿರುವಷ್ಟು ದಿನ ಕೆಳಗಿನ ಮೊಗ್ಗು ಸುಲಭಕ್ಕೆ ಏಳಲ್ಲ. 1930ರ ದಶಕದಲ್ಲಿ ಥಿಮನ್, ಸ್ಕೂಗ್ ಅನ್ನುವ ವಿಜ್ಞಾನಿಗಳು ಒಂದು ಜಾತಿಯ ಅವರೆ ಗಿಡದಲ್ಲಿ ಇದನ್ನು ತೋರಿಸಿದರು. ತುದಿ ಕತ್ತರಿಸಿದರೆ ಪಕ್ಕದ ಮೊಗ್ಗು ಎದ್ದಿತು. ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಇಟ್ಟರೆ ಏಳಲಿಲ್ಲ.

ಗಿಡಕ್ಕೆ ಇದು ಬದುಕಿನ ಪ್ರಶ್ನೆ. ಪಕ್ಕದ ಗಿಡಗಳನ್ನು ದಾಟಿ ಮೊದಲು ಬಿಸಿಲಿಗೆ ತಲೆ ಎತ್ತಬೇಕಲ್ವಾ? ಯಾವುದೋ ಮೇಕೆ ಬಂದು ಕುಡಿ ತಿಂದುಬಿಟ್ಟರೆ ಇರಲಿ ಅಂತ ಗೆಣ್ಣು ಗೆಣ್ಣಿನಲ್ಲೂ ಮೊಗ್ಗು ಇಟ್ಟುಕೊಂಡಿರುತ್ತದೆ. ನೀವು ಕತ್ತರಿ ಹಾಕಿದಾಗ ಅದಕ್ಕೆ ಮೇಕೆ ಬಂದ ಹಾಗೆ. ಅದು ಸಾಯಲ್ಲ, ಚಿಗುರುತ್ತದೆ.

ದುಂಡು ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಒಂದೇ ತುದಿ ಇದ್ದರೆ ಮೂರು ನಾಲ್ಕು ಹೂ. ಹತ್ತು ತುದಿ ಮಾಡಿದರೆ ನೀವೇ ಲೆಕ್ಕ ಹಾಕಿ. ನಾನು ಡಿಸೆಂಬರಿನಲ್ಲಿ ನೀರು ಕಡಿಮೆ ಮಾಡಿ, ಮೊಣಕಾಲೆತ್ತರಕ್ಕೆ, ಗೆಣ್ಣಿನ ಸ್ವಲ್ಪ ಮೇಲೆ ಸವರುತ್ತೇನೆ. ಆಮೇಲೆ ಕೊಟ್ಟಿಗೆ ಗೊಬ್ಬರ. ಹೊಸ ಚಿಗುರು ಗೇಣುದ್ದ ಆದಾಗ ಅದರ ಕುಡಿಯನ್ನೂ ಒಂದು ಸಲ ಉಗುರಿನಲ್ಲಿ ಚಿವುಟುತ್ತೇನೆ. ಬೇಸಿಗೆಗೆ ಗಿಡ ಬುಟ್ಟಿಯಂತೆ ಹರಡಿರುತ್ತದೆ.

ಕಲಬುರಗಿಯಿಂದ

ಮೇಲೆ ಹೇಳಿದ್ದು ಖರೆ ಅದ. ನಮ್ಮ ಕಡೆ ತೊಗರಿಗೆ ಇದನ್ನೇ ಮಾಡುತ್ತೇವೆ. ಬಿತ್ತಿ ಸುಮಾರು 50 ದಿನ ಆದಾಗ ಮೇಲಿನ ಒಂದೆರಡು ಇಂಚು ಕುಡಿ ಚಿವುಟುವುದು. ಮೊದಲ ವರ್ಷ ನಮ್ಮ ಅಪ್ಪ ಒಪ್ಪಲಿಲ್ಲ. ಅರ್ಧ ಹೊಲ ಚಿವುಟಿ ಅರ್ಧ ಹಾಗೇ ಬಿಟ್ಟೆವು. ಕವಲು ಎಣಿಸಿದ ಮೇಲೆ ಅವರೇ ಮುಂದಿನ ವರ್ಷ ಕೂಲಿಯವರಿಗೆ ಮೊದಲೇ ಹೇಳಿಟ್ಟರು.

ಬೆಂಗಳೂರಿನಿಂದ

ಕಡ್ಡಿ ಬಾಡುವುದರ ಬಗ್ಗೆ ಹೇಳ್ತೀನಿ. ನಾನು ಹನ್ನೆರಡು ಕಡ್ಡಿ ಕಳೆದುಕೊಂಡು ಕಲಿತದ್ದು ಇದು.

ಎಲೆಯ ಅಡಿಭಾಗದಲ್ಲಿ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ. ನೀರು ಆವಿಯಾಗುವುದು ಅಲ್ಲಿಂದ. ಕಡ್ಡಿಗೆ ಬೇರಿಲ್ಲ, ಎಲೆ ಮಾತ್ರ ಜಾಸ್ತಿ. ನೀರು ಸಾಲದಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಅನ್ನುವ ಇನ್ನೊಂದು ಹಾರ್ಮೋನು ಹೆಚ್ಚಾಗಿ ಆ ಬಾಯಿಗಳನ್ನು ಮುಚ್ಚಿಸುತ್ತದೆ. ಆದರೂ ಬೇರು ಬರುವ ತನಕ ಅಷ್ಟೇ ಸಾಲಲ್ಲ. ಅದಕ್ಕೆ ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಡಿ.

ಹಸಿರು ಹೋಗಿ ಕಂದು ತಿರುಗುತ್ತಿರುವ ಕಡ್ಡಿ ಆರಿಸಿ. ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ತಲೆಕೆಳಗಾಗಿ ಮಾತ್ರ ನೆಡಬೇಡಿ. ಕಡ್ಡಿಯಲ್ಲೂ ಆಕ್ಸಿನ್ ಬುಡದ ಕಡೆಗೇ ಇಳಿದು ಸೇರುತ್ತದೆ, ಬೇರು ಒಡೆಯುವುದು ಅಲ್ಲೇ. ಅಂಗಡಿಯಲ್ಲಿ ಸಿಗುವ ಬೇರು ಬರಿಸುವ ಪುಡಿಯಲ್ಲಿರುವುದೂ ಆಕ್ಸಿನ್ ಜಾತಿಯದೇ. ಬುಡ ಅದ್ದಿ ಕೊಡವಿ ನೆಡಿ. ಜಾಸ್ತಿ ಹಾಕಿದರೆ ಕಡ್ಡಿಗೇ ಪೆಟ್ಟು. ನನಗೆ ಬೇರು ಬರಲು ಸುಮಾರು ಒಂದು ತಿಂಗಳು ಹಿಡಿಯಿತು. ನಡುವೆ ಕಿತ್ತು ನೋಡುವ ಆಸೆ ಬರುತ್ತೆ, ದಯವಿಟ್ಟು ಕೀಳಬೇಡಿ.

ಶಿರಸಿಯಿಂದ

ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ತೆಂಗು, ಅಡಿಕೆಗೆ ಕತ್ತರಿ ಹಾಕಬೇಡಿ. ಅವಕ್ಕೆ ಬೆಳೆಯುವ ಜಾಗ ಒಂದೇ, ನೆತ್ತಿಯ ಸುಳಿ. ಮಲ್ಲಿಗೆಯ ಹಾಗೆ ಕಾಂಡದಲ್ಲಿ ಬದಲಿ ಮೊಗ್ಗು ಕಾದಿರಲ್ಲ. ನಮ್ಮ ಮನೆ ಹಿಂದಿನ ತೆಂಗಿಗೆ ಒಂದು ಮಳೆಗಾಲ ಸುಳಿ ಕೊಳೆ ಬಂತು. ಗೊತ್ತಾಗುವ ಹೊತ್ತಿಗೆ ಸುಳಿ ಎಳೆದರೆ ಕೈಗೇ ಬರುತ್ತಿತ್ತು, ಕೆಟ್ಟ ವಾಸನೆ. ಸುತ್ತಲಿನ ಗರಿ ಇನ್ನೂ ಕೆಲವು ತಿಂಗಳು ಹಸಿರಾಗೇ ಇದ್ದವು. ಹೊಸ ಗರಿ ಒಂದೂ ಬರಲಿಲ್ಲ.