ಹಾ ಜಿಯಾಂಗ್ ಲೂಪ್‌ಗೆ ನಮ್ಮ ಐಡಿಪಿ (ವಿದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್) ಸಾಕಾ? ಹೋಗಿ ಬಂದವರು ಹೇಳಿ

ಮೊದಲ ಸಲ: ಮಾರ್ಚ್‌ನಲ್ಲಿ ವಿಯೆಟ್ನಾಂಗೆ ಹೊರಟಿದ್ದೇವೆ, ನಾನು ಮತ್ತು ಹೆಂಡತಿ. ಉತ್ತರದ ಹಾ ಜಿಯಾಂಗ್‌ನ ಬೆಟ್ಟದ ಸುತ್ತು ದಾರಿಯಲ್ಲಿ ನಾಲ್ಕು ದಿನ ಬಾಡಿಗೆ ಬೈಕ್. ಇ-ವೀಸಾ ಬಂದಿದೆ. ಆರ್‌ಟಿಒದಲ್ಲಿ ಐಡಿಪಿ ಮಾಡಿಸಿದ್ದೇನೆ. ಬಾಡಿಗೆ ಅಂಗಡಿಯವರು ಇಷ್ಟು ಸಾಕು ಅನ್ನುತ್ತಾರೆ. ನಿಜಾನಾ?

ಕೈಸುಟ್ಟವ: ಸಾಕಾಗಲ್ಲ. ನಮ್ಮದು 1949ರ ಜಿನೀವಾ ಒಪ್ಪಂದದ ಐಡಿಪಿ. ವಿಯೆಟ್ನಾಂನವರು ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದು. ನನಗೂ ಅಂಗಡಿಯವನು ‘ನೋ ಪ್ರಾಬ್ಲಂ’ ಅಂದಿದ್ದ. ಎರಡನೇ ದಿನವೇ ಪೊಲೀಸರು ನಿಲ್ಲಿಸಿದರು. ಪುಸ್ತಕ ತೆಗೆದು 1949 ನೋಡಿ ಹಾಗೇ ಮುಚ್ಚಿ ಕೊಟ್ಟರು. ದಂಡ 30 ಲಕ್ಷ ಡಾಂಗ್, ನಮ್ಮ ದುಡ್ಡಲ್ಲಿ ಹೆಚ್ಚುಕಡಿಮೆ 10,000. 125 ಸಿಸಿ ದಾಟಿದ್ದರೆ 60ರಿಂದ 80 ಲಕ್ಷ ಆಗುತ್ತಿತ್ತು. 2025ರ ಜನವರಿಯಿಂದ ಏರಿಸಿದ್ದಾರೆ. ಬೈಕನ್ನೂ ಹಿಡಿದಿಟ್ಟರು. ಅಷ್ಟೂ ದಿನಕ್ಕೆ ಅಂಗಡಿಯವನು ದಿನಕ್ಕೆ 2 ಲಕ್ಷ ಡಾಂಗ್ ಬಾಡಿಗೆ ಕೇಳಿದ. ಕೊಡದೆ ಏನು ಮಾಡಲಿ? ನನ್ನ ಪಾಸ್‌ಪೋರ್ಟ್ ಅವನ ಡ್ರಾಯರ್‌ನಲ್ಲಿತ್ತು.

ಗಾಳಿಪಟ: ಸುಮ್ನೆ ಹೆದರಿಸಬೇಡಿ. 2023ರಲ್ಲಿ ಒಬ್ಬನೇ 11 ದಿನ ಓಡಿಸಿದೆ. ಡಾಂಗ್ ವಾನ್, ಮಾ ಪಿ ಲೆಂಗ್ ಘಾಟಿ, ಅಲ್ಲಿಂದ ಕಾವೊ ಬಾಂಗ್. ಒಬ್ಬ ಪೊಲೀಸೂ ಕೈ ಅಡ್ಡ ಹಾಕಲಿಲ್ಲ. ಗಡಿ ಪ್ರದೇಶದ ಪರ್ಮಿಟ್ ಮಾಡಿಸಿದ್ದೆ, ಅದನ್ನೂ ಯಾರೂ ಕೇಳಲಿಲ್ಲ.

ಕಾಲರ್‌ಬೋನ್: ನಿಮ್ಮನ್ನು ಹಿಡಿಯಲಿಲ್ಲ, ಸರಿ. ನನ್ನನ್ನೂ ಹಿಡಿಯಲಿಲ್ಲ. ನಾನು ಬಿದ್ದೆ. ಮಿಯೊ ವಾಕ್ ದಾಟಿದ ಮೇಲಿನ ತಿರುವಲ್ಲಿ. ಹನೋಯ್‌ವರೆಗೆ ವ್ಯಾನ್ 45 ಲಕ್ಷ ಡಾಂಗ್. ಮುರಿದ ಕಾಲರ್‌ಬೋನ್‌ಗೆ ಪ್ಲೇಟ್ ಹಾಕಿಸಿದ್ದಕ್ಕೆ 2.8 ಲಕ್ಷ ರೂಪಾಯಿ. ಟಿಕೆಟ್ ಬದಲಿಸಿದ್ದಕ್ಕೆ 19,400. ಬೈಕಿನ ಕನ್ನಡಿ, ಹ್ಯಾಂಡಲ್, ಪಕ್ಕದ ಪ್ಲಾಸ್ಟಿಕ್ ಬೇರೆ. ಇನ್ಶೂರೆನ್ಸ್‌ನವರು ಕೇಳಿದ್ದು ಒಂದೇ ಪ್ರಶ್ನೆ: ಆ ದೇಶದಲ್ಲಿ ನಡೆಯುವ ಲೈಸೆನ್ಸ್ ಇತ್ತಾ? ಇರಲಿಲ್ಲ. ಒಂದು ಪೈಸೆ ಬರಲಿಲ್ಲ.

ಹಿಂದಿನ ಸೀಟು: ಅದಕ್ಕೇ ನಾನು ಅಲ್ಲಿಯ ಡ್ರೈವರ್ ಹಿಂದೆ ಕೂತು ಹೋದೆ. ಈಸಿ ರೈಡರ್ ಅಂತಾರೆ. ದುಡ್ಡು ಜಾಸ್ತಿ, ನಿಜ. ಆದರೆ ತಪಾಸಣೆ ಬಂದಾಗ ಎದೆ ಹೊಡೆದುಕೊಳ್ಳಲಿಲ್ಲ. ಕೆಳಗೆ ನ್ಯೋ ಕ್ವೆ ನದಿಯನ್ನೂ ಕಣ್ತುಂಬಾ ನೋಡಿದೆ.

ಗಾಳಿಪಟ: ಹಿಂದೆ ಕೂತು ಹೋಗುವುದು ಬೈಕ್ ಟ್ರಿಪ್ಪಾ ಮೇಡಂ? ಬಸ್ಸಲ್ಲೇ ಹೋಗಬಹುದಿತ್ತು.

ಹಿಂದಿನ ಸೀಟು: ನಾನು 15 ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ ಸ್ವಾಮಿ. ಅದೃಷ್ಟವನ್ನು ಲೈಸೆನ್ಸ್ ಅಂದುಕೊಂಡವರ ಹತ್ತಿರ ಕಲಿಯಬೇಕಾಗಿಲ್ಲ.

ನಿಧಾನಸ್ಥ: 50 ಸಿಸಿ ಒಳಗಿನ ಗಾಡಿಗೆ ಅಲ್ಲಿ ಲೈಸೆನ್ಸೇ ಬೇಡ. ನಾನು ಅದರಲ್ಲೇ ಹೋದೆ.

ಕೈಸುಟ್ಟವ: ಆ ಏರಿನಲ್ಲಿ ಇಬ್ಬರು ಕೂತು, 50 ಸಿಸಿ! ಒಬ್ಬರು ಇಳಿದು ತಳ್ಳಬೇಕು.

ನಿಧಾನಸ್ಥ: ನಾನೊಬ್ಬನೇ ಇದ್ದೆ. ತಳ್ಳಿದ್ದು ಎರಡೇ ಸಲ.

ಗಾಳಿಪಟ: ಕಾಲರ್‌ಬೋನ್ ಅವರೇ, ಇಳಿಜಾರಲ್ಲಿ ಗೇರ್ ಇಳಿಸದೆ ಬರೀ ಬ್ರೇಕ್ ಒತ್ತಿರುತ್ತೀರಿ. ಸೆಮಿ ಆಟೋಮ್ಯಾಟಿಕ್ (ಗೇರ್ ಇದ್ದು ಕ್ಲಚ್ ಇಲ್ಲದ ಬೈಕ್) ಗೊತ್ತಿಲ್ಲದವರು ಬೀಳುವುದೇ ಹಾಗೆ.

ಕಾಲರ್‌ಬೋನ್: ಮುಂದೆ ಒತ್ತಿದರೆ ಗೇರ್ ಏರುತ್ತದೆ, ಹಿಮ್ಮಡಿಯಲ್ಲಿ ಒತ್ತಿದರೆ ಇಳಿಯುತ್ತದೆ. ನನಗೆ ಹೇಳಿಕೊಡಬೇಡಿ. ಎರಡನೇ ಗೇರ್‌ನಲ್ಲೇ ಇದ್ದೆ. ರಸ್ತೆ ತುಂಬಾ ಜಲ್ಲಿ ಇತ್ತು.

ಗಾಳಿಪಟ: ಜಲ್ಲಿ ನನಗೂ ಇತ್ತು.

ಕಾಲರ್‌ಬೋನ್: ಪ್ಲೇಟ್ ಇನ್ನೂ ಒಳಗೇ ಇದೆ. ಎಕ್ಸ್‌ರೇ ಹಾಕಲಾ?