ಸಹಾಯ ಬೇಕು: ಕನ್ನಡದಲ್ಲಿ ಹೇಳಿದ ಹೊತ್ತಿಗೆ ಎಬ್ಬಿಸುವ ಅಲಾರಾಂ ಆ್ಯಪ್

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು. ನಮ್ಮ ದೊಡ್ಡಪ್ಪನಿಗೆ ಕಣ್ಣು ಕಾಣುವುದಿಲ್ಲ. ಅವರಿಗಾಗಿ ಮಾತಿನಲ್ಲೇ ನಡೆಯುವ ಆಂಡ್ರಾಯ್ಡ್ ಅಲಾರಾಂ ಮಾಡುತ್ತಿದ್ದೇನೆ. 'ಐದು ಗಂಟೆ' ಅಂದರೆ ಸರಿಯಾಗಿ ಇಡುತ್ತದೆ. ಆದರೆ ದೊಡ್ಡಪ್ಪ ಹಾಗೆ ಹೇಳುವವರಲ್ಲ. 'ಆರಕ್ಕೆ ಹತ್ತು ನಿಮಿಷ ಇರುವಾಗ ಎಬ್ಬಿಸು' ಅಂತಾರೆ. ಆ್ಯಪ್ 5:50 ಬಿಟ್ಟು 6:10ಕ್ಕೆ ಇಡುತ್ತದೆ! ಐದೂವರೆ, ಐದೂಮುಕ್ಕಾಲು ಕೂಡ ಕಷ್ಟವೇ. ಇಂಥ ಮಾತನ್ನು ಸಮಯಕ್ಕೆ ಬದಲಿಸುವ ಕೋಡ್ ಯಾರಾದರೂ ಬರೆದಿದ್ದೀರಾ?

ಇನ್ನೊಂದು ತೊಂದರೆ. ಟಾಕ್‌ಬ್ಯಾಕ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ) ಗುಂಡಿಯ ಹೆಸರು ಓದುವಾಗಲೇ ಮೈಕ್ ತೆರೆದುಕೊಂಡು, ಆ್ಯಪ್ ಅದರ ದನಿಯನ್ನೇ ಕೇಳಿಸಿಕೊಳ್ಳುತ್ತದೆ. ಓದಿ ಮುಗಿಯುವವರೆಗೆ ಕಾಯಿಸುವುದು ಹೇಗೆ?

ಮಳೆಗಾಲದಲ್ಲಿ ತಗಡಿನ ಮೇಲೆ ಮಳೆ ಹೊಡೆಯುವಾಗ ಅಲಾರಾಂ ನಿಲ್ಲಿಸಲು 'ಸಾಕು' ಅಂದರೂ ಆ್ಯಪ್‌ಗೆ ಕೇಳುವುದಿಲ್ಲ. ಅದಕ್ಕೇ ವಾಲ್ಯೂಮ್ ಗುಂಡಿ ಒತ್ತಿದರೂ ನಿಲ್ಲುವ ಹಾಗೆ ಮಾಡಿದ್ದೇನೆ. ಕಣ್ಣು ಕಾಣದವರು ಯಾರಾದರೂ ಬಳಸಿ ನೋಡಿ ಹೇಳಿದರೆ ತುಂಬಾ ಉಪಕಾರ.