25ಕ್ಕೆ 22 ಪಾಸ್ ಕಂಪ್ಲೀಟ್ ಆದರೂ ಪಾಸರ್ ರೇಟಿಂಗ್ 158.3 ಯಾಕೆ ಬರಲಿಲ್ಲ?

ಕ್ವಿಜ್‌ಪುಸ್ತಕ:
ಎನ್‌ಎಫ್‌ಎಲ್ (ಅಮೆರಿಕದ ಫುಟ್‌ಬಾಲ್ ಲೀಗ್) ಪ್ಲೇಆಫ್ (ಕೊನೆಯ ನಾಕೌಟ್ ಹಂತ) ಮೇಲೆ ಕ್ವಿಜ್ ಪ್ರಶ್ನೆ ತೆಗೀತಿದ್ದೀನಿ. ಲೀಗ್‌ನ ಫೈನಲ್ ಆದ ಸೂಪರ್ ಬೌಲ್ 21ರಲ್ಲಿ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) ಫಿಲ್ ಸಿಮ್ಸ್ 25 ಎಸೆದು 22 ಕಂಪ್ಲೀಟ್ (ತಮ್ಮವರೇ ಹಿಡಿದದ್ದು), 268 ಯಾರ್ಡ್, 3 ಟಚ್‌ಡೌನ್ (ಗೋಲಿನಂಥ ಸ್ಕೋರ್), ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಸೊನ್ನೆ. ಆದರೂ ಪಾಸರ್ ರೇಟಿಂಗ್ (ಪಾಸ್ ಎಸೆತಕ್ಕೆ ಕೊಡೋ ಅಂಕ) 150.9. ಪೂರ್ತಿ ಅಂಕ 158.3 ಅಂತಾರಲ್ಲ, ಇನ್ನೇನು ಮಾಡಬೇಕಿತ್ತು? 2008ರ ಜನವರಿಯಲ್ಲಿ ಜಾಗ್ವಾರ್ಸ್ ತಂಡದ ಮೇಲೆ ಟಾಮ್ ಬ್ರೇಡಿ 28ಕ್ಕೆ 26, ರೇಟಿಂಗ್ ಇನ್ನೂ ಕಮ್ಮಿ, 141.4. ಅಚ್ಚಿನ ತಪ್ಪಾ?

ನಾಲ್ಕನೇಡೌನ್:
ತಪ್ಪಲ್ಲ, ಲೆಕ್ಕವೇ ಹಾಗಿದೆ. ನಾಲ್ಕು ಭಾಗ, ಯಾವುದೂ 0ಗಿಂತ ಕೆಳಗಿಳಿಯಲ್ಲ, 2.375 ದಾಟಲ್ಲ. ಕಂಪ್ಲೀಟ್ ಆದದ್ದನ್ನು ಒಟ್ಟು ಎಸೆತದಿಂದ ಭಾಗಿಸಿ, 0.3 ಕಳೆದು, 5ರಿಂದ ಗುಣಿಸಿ. ಎಸೆತಕ್ಕೆ ಎಷ್ಟು ಯಾರ್ಡ್ ಅಂತ ನೋಡಿ, 3 ಕಳೆದು, 4ರಿಂದ ಭಾಗಿಸಿ. ಟಚ್‌ಡೌನ್ ÷ ಎಸೆತ × 20. ಕೊನೇದಕ್ಕೆ ಇಂಟರ್‌ಸೆಪ್ಷನ್ ÷ ಎಸೆತ × 25 ಮಾಡಿ, 2.375ರಲ್ಲಿ ಕಳೆಯಿರಿ. ನಾಲ್ಕನ್ನೂ ಕೂಡಿ, 6ರಿಂದ ಭಾಗಿಸಿ, 100ರಿಂದ ಗುಣಿಸಿ.

ಸಿಮ್ಸ್‌ಗೆ ಮೂರು ಭಾಗ ಭರ್ತಿ. ಕೈಕೊಟ್ಟಿದ್ದು ಯಾರ್ಡ್: 268 ÷ 25 = 10.72, ಸಿಕ್ಕಿದ್ದು 1.93. ಎಸೆತಕ್ಕೆ 12.5 ಬೇಕು, ಅಂದರೆ 313 ಯಾರ್ಡ್. 45 ಸಾಲದಾಯ್ತು. ಕಂಪ್ಲೀಷನ್‌ಗೆ 77.5% ಸಾಕು, ಹಾಗಾಗಿ ಬ್ರೇಡಿಯ 92.9%ರಲ್ಲಿ ಅದನ್ನು ಮೀರಿದ್ದಕ್ಕೆ ಆ ಭಾಗದಲ್ಲಿ ಬೆಲೆಯಿಲ್ಲ. ಅವರದು 262 ಯಾರ್ಡ್, ಎಸೆತಕ್ಕೆ 9.36 ಅಷ್ಟೇ. ಟಚ್‌ಡೌನ್ ಕೂಡ 3. 28 ಎಸೆತಕ್ಕೆ 4 ಆಗಬೇಕಿತ್ತು.

ರೆಡ್‌ಜೋನ್:
ನಿಮ್ಮ ಕ್ವಿಜ್‌ಗೆ ಇದಕ್ಕಿಂತ ಮಜವಾದದ್ದು ಜಾಶ್ ಆಲನ್. 2022ರ ಜನವರಿಯಲ್ಲಿ ಪೇಟ್ರಿಯಟ್ಸ್ ಮೇಲೆ 25ಕ್ಕೆ 21, 308 ಯಾರ್ಡ್, 5 ಟಚ್‌ಡೌನ್. ರೇಟಿಂಗ್ 157.6! ಬರೀ 5 ಯಾರ್ಡ್‌ಗೆ 158.3 ತಪ್ಪಿತು. ಅವತ್ತು ಓಡಿ ಗಳಿಸಿದ 66 ಯಾರ್ಡ್ ಈ ಸೂತ್ರಕ್ಕೆ ಕಾಣೋದೇ ಇಲ್ಲ. ಪೂರ್ತಿ ಅಂಕ ಬೇಕಾದರೆ 2004ರ ಜನವರಿಯ ಪೇಟನ್ ಮ್ಯಾನಿಂಗ್ ಹಾಕಿ: ಬ್ರಾಂಕೋಸ್ ಮೇಲೆ 26ಕ್ಕೆ 22, 377 ಯಾರ್ಡ್, 5 ಟಚ್‌ಡೌನ್.

ಸ್ಟೀವ್ ಯಂಗ್ ಸೂಪರ್ ಬೌಲ್ 29ರಲ್ಲಿ 6 ಟಚ್‌ಡೌನ್ ಹೊಡೆದರೂ 134.8. 36 ಎಸೆತಕ್ಕೆ ಐದರಲ್ಲೇ ಆ ಭಾಗ ತುಂಬಿತು. ಟಚ್‌ಡೌನ್ ಲೆಕ್ಕದಲ್ಲಿ ಆರನೇದು ವ್ಯರ್ಥ.

ನಾಲ್ಕನೇಡೌನ್:
ಸ್ಯಾಕ್ (ಎಸೆಯುವ ಮುಂಚೆಯೇ ಕೆಡವೋದು), ಫಂಬಲ್ (ಕೈಯಿಂದ ಚೆಂಡು ಜಾರೋದು) ಕೂಡ ಲೆಕ್ಕಕ್ಕಿಲ್ಲ. ಸೂಪರ್ ಬೌಲ್ 52ರಲ್ಲಿ ಬ್ರೇಡಿ 505 ಯಾರ್ಡ್, 115.4. ಕೊನೆಯಲ್ಲಿ ಎದುರಾಳಿ ತಂಡದ ಬ್ರ್ಯಾಂಡನ್ ಗ್ರಹಾಮ್ ಬ್ರೇಡಿ ಕೈಯಿಂದ ಚೆಂಡು ಬೀಳಿಸಿ ಪಂದ್ಯವನ್ನೇ ಕಿತ್ತುಕೊಂಡರು, ರೇಟಿಂಗ್ ಮಾತ್ರ ಕದಲಲಿಲ್ಲ. ಅದಕ್ಕೇ ಈ ಅಂಕೆಯನ್ನು ‘ಕ್ವಾರ್ಟರ್‌ಬ್ಯಾಕ್ ರೇಟಿಂಗ್’ ಅನ್ನಬೇಡಿ; ಅಳೆಯೋದು ಪಾಸ್ ಮಾತ್ರ.

ಪ್ರಶ್ನೆ ಬರೆಯುವಾಗ ಎರಡು ಎಚ್ಚರ. ಸೂಪರ್ ಬೌಲ್ 21 ಅಂದರೆ 1986ರ ಸೀಸನ್, ಆಡಿದ್ದು 1987ರ ಜನವರಿ 25. ಯಾವ ವರ್ಷ ಕೇಳ್ತಿದ್ದೀರಿ ಅಂತ ಬರೀರಿ. ಮತ್ತೆ, ಸಿಮ್ಸ್‌ರ 88% ಸೂಪರ್ ಬೌಲ್ ದಾಖಲೆ, ಬ್ರೇಡಿಯ 92.9% ಇಡೀ ಪ್ಲೇಆಫ್‌ದು. ‘ಪ್ಲೇಆಫ್ ದಾಖಲೆ ಯಾರದು’ ಅಂತ ಕೇಳಿ ಉತ್ತರ ಸಿಮ್ಸ್ ಅಂದರೆ ತಕರಾರು ಗ್ಯಾರಂಟಿ.